ಕಪ್ಪೆ ಓದಿದ ಕಾಗದ

ಡಂಡೀ ಊರಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಸೋಮವಾರಕ್ಕೊಮ್ಮೆ ಕಪ್ಪೆ ತೂಗುತ್ತಿದ್ದೆ ನಾನು.
ನಗಬೇಡಿ. ತಕ್ಕಡಿಗೆ ಮುಚ್ಚಳವಿತ್ತು.

ಆಫ್ರಿಕಾದ ತುದಿಯಿಂದ ಹಡಗು ಹತ್ತಿ ಬಂದವು,
ಒದ್ದೆ ಪಾಚಿಯ ಡಬ್ಬಗಳಲ್ಲಿ.
ನಾಲಿಗೆಯಿಲ್ಲದ ಜಾತಿ. ಹಿಂಗಾಲಲ್ಲಿ ಕರಿ ಉಗುರು,
ಪಕ್ಕೆಯುದ್ದಕ್ಕೂ ಯಾರೋ ಅವಸರದಲ್ಲಿ ಹಾಕಿದಂಥ ಹೊಲಿಗೆ.
ಹೆಸರಿಡಕೂಡದೆಂದು ಮಿಸ್ ಕಿನ್ನಿಯರ್ ಕಟ್ಟಪ್ಪಣೆ,
ನಂಬರು ಮಾತ್ರ.
ನಲವತ್ತೊಂದು ನನ್ನ ಬೆರಳು ಕಂಡರೆ ಮೇಲೆ ಬರುತ್ತಿತ್ತು:
ಲಿವರಿನ ಚೂರಿಗೆ, ಪ್ರೀತಿಗಲ್ಲ.

ಟಪಾಲಿನಲ್ಲಿ ಸೀಸೆಗಳು.
ಕೆಮ್ಮಿನ ಔಷಧದ್ದು, ವಿಸ್ಕಿಯದ್ದು, ಒಂದು ಸಲ
ಮರ್ಮಲೇಡಿನ ಜಾಡಿ, ಅಂಚಿಗಿನ್ನೂ ಕಿತ್ತಳೆ ಸಿಪ್ಪೆ.
ಒಳಗೆ ಸೆಣಬಿನ ಗಿರಣಿಯ ಹೆಂಗಸರ ಬೆಳಗಿನ ಮೊದಲ ಉಚ್ಚೆ.
ಜೊತೆಗೆ ಡಾಕ್ಟರ ಚೀಟಿ:
ಮಿಸೆಸ್ ಗೌರ್ಲೆ, ನಲವತ್ತಾರು. ಮುಟ್ಟು ನಿಂತದ್ದೋ, ಬಸುರೋ?
ಮಿಸ್ ಡಫಿ. ದಯವಿಟ್ಟು ಉತ್ತರ ಮನೆಗೆ ಕಳಿಸಬೇಡಿ.

ಬೆನ್ನ ಚರ್ಮದ ಕೆಳಗೆ ಸೂಜಿ. ನೀರಿನ ಜಾಡಿ. ಒಂದು ರಾತ್ರಿ.
ಬೆಳಿಗ್ಗೆ ತಳದಲ್ಲಿ ಸಾಸಿವೆಯಂಥ ಮೊಟ್ಟೆ,
ಅರ್ಧ ಕಪ್ಪು ಅರ್ಧ ಬಿಳಿ, ಇದ್ದರೆ
ಹೌದು. ಇಲ್ಲದಿದ್ದರೆ ಇಲ್ಲ.

ಹೇಗೆ ಎಂದು ಕೇಳಿದೆ.
ಮಿಸ್ ಕಿನ್ನಿಯರ್ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ ಹೇಳಿದಳು:
ಗರ್ಭಕ್ಕೆ ಅಂಟಿಕೊಂಡಿದ್ದೇ ತಡ, ಹತ್ತು ದಿನದ ಆ ಚೂರಿಗೆ
ಕಣ್ಣಿಲ್ಲ, ಗುಂಡಿಗೆಯಿಲ್ಲ, ಆದರೂ ಕಾಗದ ಬರೆಯುತ್ತದೆ,
ವಿಳಾಸವಿಲ್ಲದೆ ರಕ್ತಕ್ಕೆ ಹಾಕುತ್ತದೆ.
ಊರಿಗೆಲ್ಲ ಡಂಗುರ ಹೊಡೆದ ಹಾಗೆ ಅದು
ಮೂಗಿಗೆ ಹೋಗುತ್ತದೆ, ಮೊಣಕಾಲಿಗೆ ಹೋಗುತ್ತದೆ,
ಯಾರೂ ತಿರುಗಿ ನೋಡುವುದಿಲ್ಲ.
ಅಂಡಾಶಯದಲ್ಲೊಂದು ಹಳದಿ ಗಂಟು; ಅಲ್ಲಿನ ಜೀವಕೋಶಗಳ ಮೈಮೇಲೆ
ಆ ಮಾತಿನ ಅಳತೆಗೇ ಕೊರೆದ ಕಿವಿ.
ಒಕ್ಕಣೆ ಇಷ್ಟೇ:
ಈ ತಿಂಗಳು ಮನೆ ತೊಳೆಯಬೇಡ. ಇರು.
ಮಿಕ್ಕ ಪ್ರತಿಗಳು ಉಚ್ಚೆಗೆ ಬಿದ್ದು ಹೊರಗೆ.

ಮತ್ತೆ ಕಪ್ಪೆ?
ಕಪ್ಪೆಗೂ ಹೆಚ್ಚುಕಮ್ಮಿ ಅದೇ ಕಿವಿ, ಅಂದಳು,
ಅದೂ ನಾವೂ ಪಾಲಾಗುವ ಮೊದಲಿನದು.
ಕಾಗದ ತನಗೇ ಬಂದದ್ದೆಂದು ತಿಳಿದು
ಇರು ಎಂದು ಬರೆದದ್ದನ್ನು
ಇಡು ಎಂದು ಓದಿಕೊಳ್ಳುತ್ತದೆ.

ಐವತ್ತಮೂರರ ಫೆಬ್ರವರಿ. ಟೇ ನದಿಯ ಗಾಳಿಗೆ
ಕಿಟಕಿ ಸಂದಿಗೆ ತುರುಕಿದ ಪೇಪರು ಸೀಟಿ ಹೊಡೆಯುತ್ತಿತ್ತು.
ನನಗೆ ಹನ್ನೊಂದು ದಿನ ತಡ.
ಡೂಗಲ್‌ಗೆ ಹೇಳಿರಲಿಲ್ಲ; ಏಳು ವರ್ಷ ಹೇಳಿ ಹೇಳಿ
ಮಾತೇ ಸವೆದಿತ್ತು.
ಚೀಟಿಯಲ್ಲಿ ಮಿಸೆಸ್ ಲೋಗಿ, ಮೂವತ್ತನಾಲ್ಕು ಎಂದು ಬರೆದೆ.
ಹೆಸರು ಸುಳ್ಳು, ವಯಸ್ಸು ನಿಜ.
ಸರದಿ ಯಾರದ್ದೋ, ನಾನು ಎತ್ತಿದ್ದು ನಲವತ್ತೊಂದನ್ನೇ.

ನಾಲ್ಕು ಗಂಟೆಗೆ ಟಾರ್ಚು ಬಿಟ್ಟೆ. ಒಂದು.
ಗಾಜಿಗೆ ಮೂಗು ಒತ್ತಿ ನಿಂತೆ. ಏಳು, ಮೂವತ್ತು,
ಆಮೇಲೆ ಎಣಿಕೆ ಬಿಟ್ಟೆ.
ರಿಜಿಸ್ಟರಿನಲ್ಲಿ ಲೋಗಿಯ ಮುಂದೆ ಕೂಡುವ ಗುರುತು ಹಾಕಲು ಹೋಗಿ
ಕೈ ಓಲಿ, ಅದು ಗುಣಿಸುವ ಗುರುತಾಯಿತು.

ಮಾರ್ಚಿ ಒಂಬತ್ತಕ್ಕೆ ರಕ್ತ.

ಕಪ್ಪೆ ಸುಳ್ಳು ಹೇಳಿತು, ಅಂದ ಡೂಗಲ್,
ನನ್ನ ಕಾಲಿಗೆ ಬಿಸಿನೀರ ಬಾಟಲಿ ಒತ್ತುತ್ತ.
ಇಲ್ಲ ಕಣೋ. ಕಾಗದ ಬಂದದ್ದು ಖರೆ.
ಬರೆಯುತ್ತಿದ್ದವರು ನಡುವೆ ಪೆನ್ನು ಕೆಳಗಿಟ್ಟರು.
ಖಾತ್ರಿಗೆಂದು ತಿಂಗಳ ಕೊನೆಗೆ ಇನ್ನೊಂದು ಸೀಸೆ, ಇನ್ನೊಂದು ಕಪ್ಪೆ.
ನೀರು ತಿಳಿಯಾಗಿಯೇ ಇತ್ತು.

ನೆಲಮಾಳಿಗೆ ಮುಚ್ಚಿದ ದಿನ ನಲವತ್ತೊಂದನ್ನು
ಬಕೆಟ್ಟಿನಲ್ಲಿ ಹಾಕಿ ಟ್ರಾಮು ಹತ್ತಿಸಿದೆ.
ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಹದಿನಾಲ್ಕು ವರ್ಷ ಬದುಕಿತು.
ಲಿವರು ಹೆಚ್ಚುತ್ತಿದ್ದವನು ಡೂಗಲ್.

ಈಗ ಒಂದು ಪಟ್ಟಿಯಂತೆ, ಎರಡು ಗೆರೆಯಂತೆ.
ಮೊಟ್ಟೆಗಳನ್ನೆಲ್ಲ ಏನು ಮಾಡುತ್ತಿದ್ದಿರಿ,
ತಂಗಿಯ ಮೊಮ್ಮಗಳು ಕೇಳುತ್ತಾಳೆ.
ಸಿಂಕಿಗೆ ಸುರಿಯುತ್ತಿದ್ದೆವು. ಗಂಡಿಲ್ಲದ ಮೊಟ್ಟೆ, ಏನಾಗುತ್ತದೆ?

ಅವತ್ತಿನವನ್ನು ಮಾತ್ರ ಸುರಿಯಲಿಲ್ಲ.
ಬೀರುವಿನಲ್ಲಿ, ಟವೆಲುಗಳ ಹಿಂದೆ,
ಬಿಳಿಚಿಕೊಳ್ಳುವ ತನಕ.