ಹದಿನೇಳನೇ ಮನೆಯ ಗೋಡೆ

ಜುಲೈ. ಮೊಂಟೆವಿಡಿಯೊದ ಚಳಿ.
ನದಿಯ ಕಡೆಯ ಗಾಳಿಗೆ
ಸಂಘದ ಕೋಣೆಯ ತಗಡು ತಾಳ ಹಾಕುತ್ತಿದೆ.
ಮೂವತ್ತೆರಡು ಮನೆಗೆ ಹತ್ತೊಂಬತ್ತು ಜನ.
ಕೋರಂ ಇದೆ, ಎಂದು ಬರೆದುಕೊಳ್ಳುತ್ತೇನೆ.
ಮಾಟೆಯ ಸೋರೆಬುರುಡೆ ಕೈಯಿಂದ ಕೈಗೆ,
ಕಹಿ ಎಲೆ, ಬಿಸಿನೀರು,
ಎಂಜಲೆಂದು ಯಾರೂ ಎಣಿಸದ ಒಂದೇ ಕೊಳವೆ.

ಒಂದು: ನೀರಿನ ಬಿಲ್ಲು.
ಎರಡು: ಅಡೆಮಾರನ ನಾಯಿ. (ಅರ್ಧ ಗಂಟೆ.)
ಮೂರು: ಹದಿನೇಳನೇ ಮನೆಯ ಗೋಡೆ.

ಇಂಜಿನಿಯರ್ ಹುಡುಗ ರಸಮಟ್ಟ ಹಿಡಿದು ನೋಡಿ ಹೋಗಿದ್ದಾನೆ.
ಪೂರ್ವದ ಗೋಡೆಗೆ ಎರಡು ಬೆರಳು ಹೊಟ್ಟೆ ಬಂದಿದೆಯಂತೆ.
ಬೀಳುವುದಿಲ್ಲವಂತೆ. ಆದರೂ
ಇದನ್ನು ಕಟ್ಟಿದ ಪುಣ್ಯಾತ್ಮರು ಯಾರು ಎಂದು ನಕ್ಕನಂತೆ.

ಯಾರು?
ಆಗ ಇಲ್ಲಿದ್ದದ್ದು ಮುಳ್ಳುಪೊದೆ, ಸರ್ವೆಯವನ ಗೂಟ,
ಒಂದು ಸತ್ತ ಕುದುರೆ.
ಉಣ್ಣೆ ಗಿರಣಿಯವರು, ಮಾಂಸದ ಕಾರ್ಖಾನೆಯವರು,
ಒಬ್ಬ ಬಸ್ ಕಂಡಕ್ಟರು, ಇಬ್ಬರು ವಿಧವೆಯರು
ಕರಣೆ ಹಿಡಿಯಲು ಕಲಿತದ್ದು ಇಲ್ಲೇ.
ಮನೆಗೊಬ್ಬರಂತೆ ವಾರಕ್ಕೆ ಇಪ್ಪತ್ತೊಂದು ಗಂಟೆ.
ಯಾವ ಮನೆ ಯಾರ ಪಾಲಿಗೆಂದು ಕೊನೆಯವರೆಗೆ ಗುಟ್ಟು;
ಸಾರಣೆ ಒಣಗಿದ ಮೇಲೆ
ಕಂಡಕ್ಟರನ ಟೋಪಿಯೊಳಗೆ ಚೀಟಿ.
ಅದಕ್ಕೇ ಒಂದೊಂದು ಇಟ್ಟಿಗೆಯನ್ನೂ
ತನ್ನ ಮಗು ಒರಗುವ ಜಾಗವೆಂದೇ ಇಟ್ಟರು,
ಎಂದು ವಾರ್ಷಿಕೋತ್ಸವದಲ್ಲಿ ನಾವು ಹೇಳುತ್ತೇವೆ.

ಗಂಟೆಗಳ ಪುಸ್ತಕದ ಮಾತೇ ಬೇರೆ.
ತಡವಾಗಿ ಬಂದವರು, ಬೇಗ ಜಾರಿದವರು,
ಎರಡು ಮೂಟೆ ಸಿಮೆಂಟಿನ ಕಿತ್ತಾಟ,
ಅಂಚಿನಲ್ಲಿ ಪೆನ್ಸಿಲಿನ ಸಣ್ಣಕ್ಷರ:
"ದಾರ್ದೊ ಇವತ್ತೂ ನೆರಳಲ್ಲಿ."
ಆಮೇಲೆ ಸೈನಿಕರ ಆಳ್ವಿಕೆ. ಸಭೆ ಸೇರಲು
ಠಾಣೆಯ ಅಪ್ಪಣೆ ಬೇಕು. ಆ ವರ್ಷಗಳ ನಡಾವಳಿಯಲ್ಲಿ
ಸಭೆ ಎಂಬ ಪದವೇ ಇಲ್ಲ:
ಹುಟ್ಟುಹಬ್ಬ, ಹುಟ್ಟುಹಬ್ಬ, ಹುಟ್ಟುಹಬ್ಬ.
ನೆಲಿಡಾಗೆ ಒಂದೇ ವರ್ಷದಲ್ಲಿ
ಒಂಬತ್ತು ಸಲ ವಯಸ್ಸಾಗಿದೆ.

ಇವತ್ತು ಮಧ್ಯಾಹ್ನ ಹುಡುಕಿಟ್ಟ ಪುಟ
ಈಗ ನನ್ನ ತೊಡೆಯ ಮೇಲೆ:
"ಭಾನುವಾರ, ಮಳೆ ನಿಂತ ಮೇಲೆ. ಹದಿನೇಳು, ಪೂರ್ವ,
ಒಂಬತ್ತರಿಂದ ಹದಿನಾಲ್ಕನೇ ವರಸೆ: ಎರ್ಮಿಂಡಾ ಸೋಸಾ."

ನನ್ನ ಅಮ್ಮ.
ಬೆರಳೆಣಿಸಿ ನೋಡಿದೆ. ಆ ಭಾನುವಾರ
ನನಗೆ ಅವಳ ಹೊಟ್ಟೆಯಲ್ಲಿ ಏಳು ತಿಂಗಳು.
ಗೋಡೆಗೆ ಎಷ್ಟು ಹತ್ತಿರ ನಿಲ್ಲಬೇಕಿತ್ತೋ
ಅಷ್ಟು ಹತ್ತಿರ
ನಾನು ಅವಳನ್ನು ಬಿಟ್ಟಿರಲಿಕ್ಕಿಲ್ಲ.

ಕಾರ್ಯದರ್ಶಿ ಪುಸ್ತಕದಲ್ಲಿದ್ದದ್ದನ್ನು ಓದಬೇಕು.
ಸಾಲಿನ ಮೇಲೆ ಬೆರಳಿಟ್ಟು ಗಂಟಲು ಸರಿಮಾಡಿಕೊಂಡೆ.
ಎದುರಿಗೆ ನೆಲಿಡಾ. ಎಂಬತ್ತೊಂದು. ಹದಿನೇಳನೇ ಮನೆ.
ಐವತ್ತು ವರ್ಷ ಬೀರುವಿನ ಕಾಲಿಗೆ ರಟ್ಟು ಮಡಿಸಿಟ್ಟವಳು,
ಮಾಂಸದಂಗಡಿಯ ಕ್ಯಾಲೆಂಡರನ್ನು ಪ್ರತಿ ಜನವರಿ
ಉಬ್ಬಿನ ಮೇಲೇ ತೂಗುಹಾಕಿದವಳು.
ಊರುಗೋಲಿನಿಂದ ನೆಲ ಕುಟ್ಟಿದಳು:

"ಆ ಗಾರೆ ಕಲಸಿದವಳು ನಾನು.
ನೀರು ಹೆಚ್ಚಾಗಿತ್ತು. ಬರೆದುಕೋ."

ಯಾರೋ ನಕ್ಕರು. ಬುರುಡೆ ಇನ್ನೊಂದು ಕೈಗೆ ದಾಟಿತು.
ನಾನು ಪುಟದ ಕೆಳಗೆ ಕಣ್ಣು ಹಾಯಿಸಿದೆ.
ಅದೇ ಭಾನುವಾರ. ನೆಲಿಡಾ:
ಸೊನ್ನೆ ಗಂಟೆ. ಜ್ವರ.

ತಲೆ ಎತ್ತಿದರೆ ಅವಳು ನನ್ನನ್ನು ನೋಡುತ್ತಿರಲಿಲ್ಲ,
ಕೆಟಲಿನ ಮುಚ್ಚಳ ಸರಿಪಡಿಸುತ್ತಿದ್ದಳು.

ಬರೆದುಕೊಂಡೆ.

ಗೋಡೆ ಇದ್ದ ಹಾಗೇ ಇರಲಿ ಎಂಬುದಕ್ಕೆ
ಹದಿನೆಂಟು ಕೈ. ವಿರೋಧ ಒಂದು:
ಅಡೆಮಾರ್, ನಾಯಿಯ ಸಿಟ್ಟಿನಲ್ಲಿ.

ನಾಲ್ಕು: ಗೇಟಿನ ದೀಪ.