ನೀರು ನಿಲ್ಲಿಸುವ ದಿನ

ಗೇಟಿನ ಕರಿಹಲಗೆಯ ಮೇಲೆ ನಾನೇ ಬರೆದದ್ದು, ಸೀಮೆಸುಣ್ಣದಲ್ಲಿ:
ಶನಿವಾರ ಮಧ್ಯಾಹ್ನ ಎರಡಕ್ಕೆ ನೀರು ಬಂದ್.
ಮತ್ತೆ ಏಪ್ರಿಲ್‌ಗೆ.

ವಾಲ್ಮಿಯೆರಾದ ಅಂಚಿನಲ್ಲಿ, ರೈಲುಹಳಿಗೂ ಗೌಯಾ ನದಿಗೂ ನಡುವೆ
ಇಳಿಜಾರಿಗೆ ಹಾಸಿದ ಅರವತ್ತೆರಡು ತುಂಡು ನೆಲ.
ತುಂಡಿಗೊಂದು ಬೇಲಿ, ಬೇಲಿಗೊಂದು ಜಗಳ,
ಎಲ್ಲಕ್ಕೂ ಸೇರಿ ಒಂದೇ ಕೊಳವೆ.
ಅದರ ತಿರುಪಿನ ಕೀಲಿ ಹನ್ನೊಂದು ವರ್ಷದಿಂದ
ನನ್ನ ಕೋಟಿನ ಜೇಬನ್ನು ಜಗ್ಗುತ್ತಿದೆ.
ನನ್ನ ಹೆಸರು ಮೊದ್ರಿಸ್ ಎಂಬುದು ಇಲ್ಲಿ ಕೆಲವರಿಗಷ್ಟೇ ಗೊತ್ತು.
ಉಳಿದವರಿಗೆ ನಾನು ನೀರಿನವನು.

ಬೆಳಗ್ಗೆಯೇ ಒಂದು ಸುತ್ತು ಹೊರಟೆ.
ಸ್ಕೈದ್ರೀತೆ ಡೇಲಿಯಾ ಗೆಡ್ಡೆ ಅಗೆದು
ಕೂಸಿನ ಕಾಲು ಒರೆಸಿದಂತೆ ಮಣ್ಣು ಒರೆಸುತ್ತಾಳೆ,
ಒಂದೊಂದಕ್ಕೂ ದಾರದಲ್ಲಿ ಚೀಟಿ ಕಟ್ಟುತ್ತಾಳೆ:
ಕೆಂಪು. ಹಳದಿ. ಗೊತ್ತಿಲ್ಲ.
ಅರ್ವೀದ್ಸ್ ಕ್ಯಾರೆಟ್ಟನ್ನು ಮರಳಿನ ಪೆಟ್ಟಿಗೆಯಲ್ಲಿ ಮಲಗಿಸುತ್ತಾನೆ
ಒಂದಕ್ಕೊಂದು ತಾಗದಂತೆ,
ತಾಗಿದರೆ ಕೊಳೆಯುತ್ತವಂತೆ, ಹತ್ತಿರದ ನೆಂಟರ ಹಾಗೆ.
ಅವನ ಹೆಂಡತಿ ಕೇಳಿಸಿಕೊಂಡೂ ಸುಮ್ಮನಿದ್ದಾಳೆ,
ಹಸಿರು ಟೊಮೆಟೊಗಳನ್ನು ಹಳೆಯ ಪೇಪರಿನಲ್ಲಿ ಸುತ್ತುತ್ತ.
ಚುನಾವಣೆಯ ಸುದ್ದಿಯೊಳಗೆ ಕೂತು
ಕ್ರಿಸ್‌ಮಸ್ ಹೊತ್ತಿಗೆ ಅವು ಹಣ್ಣಾಗಬೇಕು.

ಮೊನ್ನೆ ರಾತ್ರಿ ಇಬ್ಬನಿ ಮೊದಲ ಸಲ ಹೆಪ್ಪುಗಟ್ಟಿತು.
ಸೌತೆಬಳ್ಳಿ ಬೇಯಿಸಿದ ಸೊಪ್ಪಿನಂತೆ ಜೋತಿದೆ.
ಬೀನ್ಸ್ ಕೋಲುಗಳನ್ನು ಕಿತ್ತು ಕಟ್ಟುಕಟ್ಟಿ ಒರಗಿಸಿದ್ದಾರೆ,
ಪೀಪಾಯಿಗಳು ಬೋರಲು.
ಕೋಸು ಮಾತ್ರ ಇದ್ದಲ್ಲೇ ಇದೆ, ಚಳಿ ತಾಗಲಿ ಎಂದು;
ಚಳಿ ತಾಗದ ಕೋಸಿಗೆ ಸಿಹಿ ಬಾರದು.
ಎಲ್ಲೆಲ್ಲೂ ಉರಿಯದೆ ಹೊಗೆಯುವ ಒದ್ದೆ ಎಲೆಯ ವಾಸನೆ.

ನಲವತ್ತೊಂದನೇ ನಂಬರಿನಲ್ಲಿ ಮಾತ್ರ ಸುಗ್ಗಿ ಮುಗಿದಿಲ್ಲ.
ಝೆಂತಾ ಬಕೆಟ್ ಬೋರಲು ಹಾಕಿ ಕೂತಿದ್ದಾಳೆ,
ಪಕ್ಕದಲ್ಲಿ ಅವಳ ಕುಂಬಳಕಾಯಿ,
ಉಣ್ಣೆಯ ಕೋಟು ತೊಟ್ಟುಕೊಂಡು.
ಗುಂಡಿ ಕೂಡ ಹಾಕಿದ್ದಾಳೆ, ನಾಲ್ಕರಲ್ಲಿ ಮೂರು;
ನಾಲ್ಕನೆಯದು ಹೊಟ್ಟೆ ದಾಟಿ ನಿಲುಕಿಲ್ಲ.

"ಇನ್ನೊಂದು ವಾರ, ಮೊದ್ರಿಸ್. ಇದಿನ್ನೂ ಬೆಳೆಯುತ್ತಿದೆ."
"ಬಳ್ಳಿ ಸತ್ತಿದೆ, ಝೆಂತಾ."
"ತುದಿ ಸತ್ತಿದೆ. ಬುಡ ಮುಟ್ಟಿ ನೋಡು."
ಮುಟ್ಟಿದೆ. ಬುಡ ಹಸಿರಾಗಿಯೇ ಇತ್ತು, ನನ್ನ ಹೆಬ್ಬೆರಳಿನ ದಪ್ಪ,
ಒಳಗೇನೋ ಹರಿಯುತ್ತಿರುವ ಹಾಗೆ ತಣ್ಣಗೆ.
ಆದರೆ ಕೊಳವೆ ಒಡೆದ ವರ್ಷ ನನಗೆ ನೆನಪಿದೆ:
ಮಾರ್ಚಿನಲ್ಲಿ ಮಣ್ಣು ಬಗೆದದ್ದು, ತಲೆಗೆ ಇಷ್ಟೆಂದು ದುಡ್ಡು ಎತ್ತಿದ್ದು,
ಎಲ್ಲರೂ ನನ್ನ ಮುಖ ನೋಡಿದ್ದು.
ಆಗುವುದಿಲ್ಲ ಎಂದೆ.
ಅವಳು ಜಗಳ ತೆಗೆಯಲಿಲ್ಲ.
ಕೋಟಿನ ಕಾಲರ್ ಸರಿಮಾಡಿದಳು, ಕುಂಬಳದ್ದು.

ಎರಡು ಹೊಡೆಯಿತು.
ಹೊಂಡಕ್ಕಿಳಿದು ಕೀಲಿ ತಿರುಗಿಸಿದೆ.
ಕಬ್ಬಿಣ ಒಮ್ಮೆ ನರಳಿತು, ಆಮೇಲೆ
ಇಡೀ ಇಳಿಜಾರು ಉಸಿರು ಬಿಗಿಹಿಡಿದಂತೆ.
ತಿರುಪು ಮುಚ್ಚಿದರೆ ಕೆಲಸ ಮುಗಿಯದು.
ಒಳಗೆ ನಿಂತ ನೀರೇ ಗಟ್ಟಿಯಾಗಿ ಕೊಳವೆಯನ್ನು ಸೀಳುವುದು;
ಅದನ್ನು ಬಸಿದುಬಿಡಬೇಕು,
ಎಲ್ಲಕ್ಕಿಂತ ತಗ್ಗಿನ ನಲ್ಲಿಯಿಂದ.

ತಗ್ಗಿನ ನಲ್ಲಿ ನಲವತ್ತೊಂದರಲ್ಲಿದೆ.

ಇಳಿದು ಬಂದಾಗ ಅವಳ ಬಕೆಟ್‌ಗಳೆಲ್ಲ ಅಂಗಾತ,
ಸ್ನಾನದ ತೊಟ್ಟಿ, ಹಾಲಿನ ಕ್ಯಾನು, ಒಂದು ಸೂಪಿನ ಪಾತ್ರೆ,
ಸಾಲಾಗಿ, ಪಂಕ್ತಿಗೆ ಕೂತವರ ಹಾಗೆ.
ನಲ್ಲಿ ಬಿಟ್ಟೆ. ಕೆಮ್ಮಿತು, ಉಗುಳಿತು, ತುಕ್ಕಿನ ಕೆಂಪು ಕಾರಿತು,
ಆಮೇಲೆ ತಿಳಿಯಾಗಿ ಬಂತು
ಅರವತ್ತೊಂದು ಬೇಲಿಗಳು ಬಳಸದೆ ಬಿಟ್ಟ ನೀರು.
ಹೋದ ವರ್ಷದವರೆಗೆ ಅದು ಸುಮ್ಮನೆ ನದಿಗೆ ಹೋಗುತ್ತಿತ್ತು.

ಈ ಏಪ್ರಿಲ್‌ನಲ್ಲಿ ಇವಳು ಮೇಲಿನ ಒಳ್ಳೆಯ ನೆಲ ಬಿಟ್ಟುಕೊಟ್ಟು
ಈ ಜೌಗು ಮೂಲೆ ಕೇಳಿ ಪಡೆದಾಗ ನಾವೆಲ್ಲ ನಕ್ಕಿದ್ದೆವು.
ಯಾಕೆಂದು ಈಗ ತಿಳಿಯಿತು. ಅಥವಾ ತಿಳಿದಂತಾಯಿತು.
ಕೇಳಲಿಲ್ಲ.
ಕೇಳಿದರೆ, ಇಲ್ಲಿಂದ ನದಿ ಕಾಣುತ್ತದೆ, ಅದಕ್ಕೆ, ಎನ್ನುತ್ತಾಳೆ.

ಕೊನೆಯ ಧಾರೆಗೆ ಬೊಗಸೆ ಒಡ್ಡಿ ನಾನೂ ಒಂದು ಗುಟುಕು ಕುಡಿದೆ.
ಕಬ್ಬಿಣದ ರುಚಿ.
ನಲ್ಲಿಯನ್ನು ತೆರೆದೇ ಬಿಟ್ಟೆ; ಚಳಿಗಾಲವಿಡೀ ಹಾಗೇ ಬಿಡಬೇಕು.

ಬೆಳಕು ಇನ್ನೂ ಇದೆ ಒಂದಿಷ್ಟು.
ಊರಿಗೆಲ್ಲ ಗಡುವು ಬರೆದವನ ಬೆಳ್ಳುಳ್ಳಿ
ಬುಟ್ಟಿಯಲ್ಲೇ ಕೂತಿದೆ, ನೆಟ್ಟಿಲ್ಲ.