ಅಳಿವೆಯ ಲೆಕ್ಕ

ಕೋಡಿಬಾಗದ ದಂಡೆಯಲ್ಲಿ ಬಲೆಯ ಹರುಕು ಕಟ್ಟುತ್ತ
ಪುರ್ಸು ತಾಂಡೇಲ ಕೇಳಿದ:
"ಅಕ್ಕೋರೇ, ರೇಡಿಯೋದಲ್ಲಿ ಹೇಳಿದ್ರಲ್ಲ,
ಆ ಕಪ್ಪು ಕುಳಿ ತಿರ್ಗೂದು ಹೌದಾ?
ತಿರ್ಗಿದ್ರೆ ಸುತ್ತಿನ ನೀರಿನ ಗತಿ?"

ನೀರಿಲ್ಲ ಅಲ್ಲಿ, ಅಂದೆ. ಜಾಗವೇ ತಿರುಗುತ್ತದೆ.
ಲಂಗರು ಇಳಿಸಿದೆಯೋ,
ಲಂಗರು ಕಚ್ಚಿದ ತಳವೂ ನಿನ್ನೊಡನೆ ಹೊರಟಿರುತ್ತದೆ.
ನಿಂತಲ್ಲಿ ನಿಲ್ಲುವುದು ಬೆಳಕಿಗೂ ಆಗದು.

ಅವನು ಹಲ್ಲಿನಲ್ಲಿ ದಾರ ಕಡಿದು
ಕಾಳಿ ಕಡಲಿಗೆ ಬೀಳುವ ಕಡೆ ನೋಡಿದ.
ಅಮಾಸೆಯ ಇಳಿತ. ಸದಾಶಿವಗಡದ ನೆರಳು
ಸೇತುವೆಯ ಕಂಬಗಳ ಸುತ್ತ ಹುರಿಗೊಳ್ಳುತ್ತಿತ್ತು.

ಸೀಮೆಸುಣ್ಣವಿಲ್ಲ; ಎರಡು ಬಳಚು ಚಿಪ್ಪು ಇಟ್ಟೆ.
ಇದು ಸುಮ್ಮನೆ ಬೀಳುವ ಕಣ.
ಇದು ಸುತ್ತುತ್ತ ಬೀಳುವುದು.
ಸುತ್ತು ಕೂದಲೆಳೆಯಷ್ಟು ಹೆಚ್ಚಾದರೆ ಅಂಚಿಗೆ ಮುಂಚೆಯೇ ಮರಳೀತು,
ಕಡಿಮೆಯಾದರೆ ನುಂಗಿತು, ಕಥೆ ಮುಗಿಯಿತು.
ಸರಿಯಾಗಿ ಅಷ್ಟೇ ಇದ್ದರೆ
ಹತ್ತಿರ, ಇನ್ನೂ ಹತ್ತಿರ, ತಲುಪದೆ,
ಸುತ್ತುತ್ತಲೇ ಇರುತ್ತದೆ.
ಆಗ ಮೊದಲನೆಯದು ಬಂದು ಹೊಡೆದರೆ
ಆ ಪೆಟ್ಟಿಗೆ ಮೇಲ್ಮಿತಿ ಇಲ್ಲ.
ಕಾಗದದ ಮೇಲಂತೂ ಇಲ್ಲ.

"ಅಷ್ಟು ದೊಡ್ಡ ಪೆಟ್ಟು," ಅಂದ.
"ಸದ್ದು ಎಲ್ಲಿ ತನಕ ಕೇಳ್ತದೆ?"

ಇಪ್ಪತ್ತು ವರ್ಷದ ಪಾಠದಲ್ಲಿ
ಯಾವ ಹುಡುಗನೂ ಕೇಳದ ಪ್ರಶ್ನೆ.
ಕೇಳುವುದಿಲ್ಲ, ಅಂದೆ. ಹತ್ತಿ ಬರುವಷ್ಟರಲ್ಲಿ
ಬೆಳಕು ಕೆಂಪಾಗಿ, ಬಳಲಿ, ಸವೆದು
ನಮ್ಮ ಕೈಗೆ ಸಿಗುವುದು ಚಿಲ್ಲರೆ.

ಒಮ್ಮೊಮ್ಮೆ ಮಾತ್ರ
ಒಡೆದ ಚೂರಲ್ಲಿ ಒಂದು
ಸಾಲವಾಗಿ ಒಳಗಿಳಿಯುತ್ತದೆ.
ಇನ್ನೊಂದು, ಒಯ್ದದ್ದಕ್ಕಿಂತ ಹೆಚ್ಚು ಹೊತ್ತು ಹೊರಬರುತ್ತದೆ.
ಹೆಚ್ಚಳ ತೆತ್ತದ್ದು ಕುಳಿಯೇ:
ಅದರ ತಿರುಗು ಗುಲಗಂಜಿಯಷ್ಟು ತಗ್ಗುತ್ತದೆ.

ಪುರ್ಸು ಬಲೆ ಕೆಳಗಿಟ್ಟ.

ಇದೇ ಅಳಿವೆಯಲ್ಲಿ ಅವನ ದೋಣಿಗೆ
ಭಾವ ಶಾಣುವಿನ ದೋಣಿ ತಾಗಿದ್ದು ಊರಿಗೆಲ್ಲ ಗೊತ್ತು.
ಇವನನ್ನು ನೀರು ದೇವಬಾಗದ ಮರಳಿಗೆ ಎಸೆದಿತ್ತು,
ಹುಟ್ಟಿಲ್ಲದೆ, ಯಾವ ಹುಟ್ಟಿಗೂ ಸಿಗದ ವೇಗದಲ್ಲಿ.
ನನಗೂ ಗೊತ್ತಿತ್ತು. ಲೆಕ್ಕದ ರುಚಿಯಲ್ಲಿ ಮರೆತಿದ್ದೆ.

ಚಿಪ್ಪೊಂದನ್ನು ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡ.
"ಹೆಚ್ಚು ಹೊತ್ತು ಬಂದದ್ದು ಹೌದು, ಅಕ್ಕೋರೇ.
ಅವನ ಪಾಲಿನ ದಿನ ನನ್ನ ಮೈಯಲ್ಲಿ ಇನ್ನೂ ಮುಗೀಲಿಲ್ಲ.
ಆದ್ರೆ ಸುಳಿ ತಗ್ತದೆ ಅಂದ್ರಲ್ಲ,
ಅದನ್ನ ಅಳೆದವರು ಯಾರು?"

ಇಳಿತ ಮುಗಿದು ನೀರು ಒಂದು ಗಳಿಗೆ ನಿಂತಿತ್ತು.
ಉಳಿದ ಚಿಪ್ಪನ್ನು ಎಲ್ಲಿಡಬೇಕೆಂದು ತಿಳಿಯದೆ
ಹಿಡಿದುಕೊಂಡೇ ಕೂತೆ.